ತೊಳೆದು ಬೋರಲು ಹಾಕಿದ ಐದು ಡಬ್ಬಿಗಳು

ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಪುಣೆಯ ಕೋಥರೂಡದಲ್ಲಿ ಆಗ ನಾವು ಬಾಡಿಗೆಗಿದ್ದ ಸೊಸೈಟಿಯ ಹಿಂಭಾಗದಲ್ಲಿ, ನೀರಿನ ಟಾಕಿಗೂ ನೆಲಮಹಡಿಯ ಒಂದು ಮನೆಯ ಅಡಿಗೆಕೋಣೆಗೂ ನಡುವೆ ಇದ್ದ ಸಂದಿಯಲ್ಲಿ ನಾನು ನಿಂತಿದ್ದೆ. ಕಿಟಕಿಯಿಂದ ನಾಲ್ಕು ಹೆಜ್ಜೆ ದೂರ. ಕಿಟಕಿಯ ಒಂದು ಬಾಗಿಲು ಮುಚ್ಚಿತ್ತು, ಇನ್ನೊಂದು ಪೂರ್ತಿ ತೆರೆದಿತ್ತು. ಬೆಳಕು ನನ್ನ ಹಿಂದಿನಿಂದ ಬಂದು ಅಡಿಗೆಕೋಣೆ ದಾಟಿ ಹೊರಕೋಣೆಯ ಚಾಪೆಯವರೆಗೂ ಬಿದ್ದಿತ್ತು. ನನಗೂ ಆ ಚಾಪೆಗೂ ನಡುವೆ ಯಾವ ಅಡ್ಡಿಯೂ ಇರಲಿಲ್ಲ.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆಮೇಲೆ ಕೆಲವರು, ನೀವು ಸಿಟ್ಟಿನ ಭರದಲ್ಲಿ ಏನೋ ಕಂಡಿರಿ ಎಂದರು. ಸಿಟ್ಟು ಬಂದದ್ದು ಕಂಡ ಮೇಲೆ. ಕಾಣುವಾಗ ನಾನು ಶಾಂತವಾಗಿಯೇ ಇದ್ದೆ.

ಹದಿಮೂರು ವರ್ಷ ಆಯಿತು. ಹೋದ ವಾರ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು ಮೈಗೆ ಸರಿಯಿಲ್ಲವೆಂದು ಬಿಸಿ ಹಾಲಿನಲ್ಲಿ ಬಿಸ್ಕೀಟು ಮುರಿದು ಹಾಕಿ ಚಮಚದಿಂದ ಕಲಸತೊಡಗಿದರು. ಮೈದಾ, ಸಕ್ಕರೆ, ಹಾಲು ಮೂರೂ ಸೇರಿ ಏಳುವ ಬೆಚ್ಚನೆಯ ಸಿಹಿ ವಾಸನೆ... ಬಹಳ ಜನಕ್ಕೆ ಅದು ಬಾಲ್ಯದ ವಾಸನೆ. ನಾನು ಎದ್ದು ಹೊರಗೆ ಹೋಗಿ, ಅವರು ತಿಂದು ಮುಗಿಸುವತನಕ ಜಿನೆಯ ಮೆಟ್ಟಿಲ ಹತ್ತಿರ ನಿಂತಿದ್ದೆ. ನಮ್ಮ ಮನೆಯೊಳಗೆ ಆ ವಾಸನೆ ಬಂದು ಹದಿಮೂರು ವರ್ಷವಾಗಿದೆ.

ಅವಳನ್ನು ಇಡೀ ಸೊಸೈಟಿ ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿತ್ತು. ಐವತ್ತೈದರ ಆಸುಪಾಸಿನ ವಿಧವೆ. ದುಡಿಯುವ ತಾಯಂದಿರ ಕೂಸುಗಳನ್ನು ಹಗಲಿಡೀ ಇಟ್ಟುಕೊಳ್ಳುತ್ತಿದ್ದಳು. ಪುಣೆಯಲ್ಲಿ ಅಂಥ ಮನೆಗೆ ಪಾಳಣಾಘರ ಎನ್ನುತ್ತಾರೆ. ಆ ದಿನಗಳಲ್ಲಿ ನಾನೂ ಅವಳಿಗೆ 'ಅವರು' ಎನ್ನುತ್ತಿದ್ದೆ, ಎದುರಿಗೆ ಬಂದರೆ ಎದ್ದು ನಿಲ್ಲುತ್ತಿದ್ದೆ. ಈಗ 'ಅವಳು' ಎಂದೇ ಬರೆಯುತ್ತಿದ್ದೇನೆ. ಕೈತಪ್ಪಿ ಬರೆದದ್ದಲ್ಲ.

ನನಗೆ ವಾಹನಗಳ ಬಿಡಿಭಾಗ ಮಾರುವ ಒಂದು ಕಚೇರಿಯಲ್ಲಿ ಕಾರಕೂನಿಕೆ, ಹೆಂಡತಿಗೆ ಸಾಲ ಕೊಡುವ ಒಂದು ಪತಸಂಸ್ಥೆಯಲ್ಲಿ ಕೆಲಸ. ಮಗಳಿಗೆ ಒಂದೂಮುಕ್ಕಾಲು ವರ್ಷವಾದಾಗ ಹೆಂಡತಿ ಮತ್ತೆ ಕೆಲಸಕ್ಕೆ ಹೋಗಲೇಬೇಕಾಯಿತು. ಎದುರಿನ ಕಟ್ಟಡದಲ್ಲಿ ಒಬ್ಬ ಮರಾಠಿ ಹೆಂಗಸಿನ ಪಾಳಣಾಘರ ಇತ್ತು. ಗೋಡೆಯ ಮೇಲೆ ವಾರದ ಊಟದ ಪಟ್ಟಿ ಅಂಟಿಸಿದ್ದಳು: ಇಂಥ ದಿನ ಬೇಳೆ-ಅನ್ನದ ವರಣ-ಭಾತ, ಇಂಥ ದಿನ ಸೊಪ್ಪಿನ ಭಾಜಿ, ನಾಲ್ಕು ಗಂಟೆಗೆ ಹಣ್ಣು. ನಾವು ವಿಚಾರಿಸಲು ಹೋದಾಗ ಕೂಡ್ರಿ ಎನ್ನುವುದಕ್ಕೂ ಮೊದಲೇ ಹೇಳಿದ್ದಳು, ದಿನಕ್ಕೆ ನಾಲ್ಕು ಚಡ್ಡಿ ಕಳಿಸಬೇಕು, ಹೊಟ್ಟೆತುಂಬ ತಿಂದ ಕೂಸು ಹೊಲಸು ಮಾಡಿಯೇ ಮಾಡುತ್ತದೆ ಎಂದು. ನನಗೆ ಆ ಮಾತು ಒರಟಾಗಿ ಕಂಡಿತು.

ಆಮೇಲೆ ಕಾಕೂನ ಬಾಗಿಲಿಗೆ ಹೋದೆವು. ಅವಳು ನನ್ನ ಮುಖ ನೋಡಿ, "ಯಾವ ಊರವರ್ರಿ?" ಎಂದಳು. ಅಷ್ಟೇ. ಊರು ಹೇಳಿದೆ. ಅವಳ ತವರು ಅಲ್ಲಿಂದ ಎರಡು ಸ್ಟಾಪು. ಚಹಾ ಬಂತು, ಶೇಂಗಾ ಚಟ್ನಿ ಬಂತು, ಮಗಳು ಅವಳ ತೊಡೆ ಏರಿದಳು. ಚಡ್ಡಿ ಎಷ್ಟು ಕಳಿಸಬೇಕು ಎಂದು ನನ್ನ ಹೆಂಡತಿ ಕೇಳಿದಳು.

"ಒಂದ ಜೋಡಿ ಸಾಕವಾ," ಎಂದಳು ಕಾಕೂ. "ನನ್ನ ಕಡೆ ಕೂಸುಗೋಳು ಹೊಲಸು ಮಾಡೂದ ಇಲ್ಲ. ರೂಢಿ ಮಾಡಸ್ತೀನಿ."

ಜಿನೆ ಹತ್ತುತ್ತ ನಾನು ಹೆಂಡತಿಗೆ ಹೇಳಿದೆ, ನಮ್ಮ ಮಾತಿನವರು ಸಿಕ್ಕರಲ್ಲ, ಇನ್ನು ಚಿಂತೆಯಿಲ್ಲ ಎಂದು. ಒಬ್ಬ ಮನುಷ್ಯನನ್ನು ನಂಬಲು ನನಗೆ ಆಗ ಅಷ್ಟು ಸಾಕಾಗಿತ್ತು: ಬರ್ರಿ, ಕೂಡ್ರಿ, ಹೌದಲ್ರಿ. ಪುಣೆಯಲ್ಲಿ ನಮ್ಮಂಥವರು ಮಾಡುವ ತಪ್ಪು ಇದು. ಆ ಒಂದು ಜೋಡಿ ಚಡ್ಡಿಯ ಮಾತು ಆ ದಿನವೇ ಕಿವಿಗೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ.

ನನ್ನ ಹೆಂಡತಿ ಬೆಳಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟುತ್ತಿದ್ದಳು. ಬಹುತೇಕ ದಿನ ಜೋಳದ ನುಚ್ಚು. ಒಡೆದ ಜೋಳವನ್ನು ಮೆತ್ತಗೆ ಬೇಯಿಸಿದ್ದು. ಅದರಲ್ಲಿ ಮೆಂತೆ ಪಲ್ಯವನ್ನೋ ಹೆಸರುಬೇಳೆಯನ್ನೋ ಕಲಸಿ, ಮೇಲೊಂದು ಹನಿ ತುಪ್ಪ. ಸಣ್ಣ ಡಬ್ಬಿಯಲ್ಲಿ ಪಪ್ಪಾಯಿ ಇಲ್ಲವೆ ಪೇರಲದ ತಿರುಳು. ಸಂಜೆ ಡಬ್ಬಿಗಳು ತೊಳೆದು ಒರೆಸಿ ವಾಪಸು ಬರುತ್ತಿದ್ದವು. ಒಂದು ಅಗುಳೂ ಉಳಿದಿರುತ್ತಿರಲಿಲ್ಲ. ನಾವು ಹಿಗ್ಗುತ್ತಿದ್ದೆವು...

ಮೂರನೆಯ ತಿಂಗಳಿಗೆ ಮಗಳು ಸಂಜೆ ಮನೆಗೆ ಬಂದವಳೇ ಪರದೆಯ ಹಿಂದೆ ಹೋಗಿ ನಿಲ್ಲತೊಡಗಿದಳು. ತುದಿಗಾಲ ಮೇಲೆ ನಿಂತು, ಕಾಲಿಗೆ ಕಾಲು ಹೆಣೆದು, ಗೋಡೆಗೆ ಹಣೆ ಒತ್ತಿ, ಮುಖ ಕೆಂಪಾಗಿಸಿಕೊಂಡು. ಮಗು ಹೊರಗೆ ಹೋಗಲು ತಿಣುಕುತ್ತಿದೆ ಎಂದು ನಾವು ತಿಳಿದೆವು. ಅದು ತಪ್ಪು. ಅವಳು ಬರುತ್ತಿದ್ದುದನ್ನು ತಡೆಯುತ್ತಿದ್ದಳು. ಹೊಟ್ಟೆ ಖಾಲಿಯಾಗುತ್ತಿದ್ದುದು ಎರಡು ದಿನಕ್ಕೊಮ್ಮೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ, ಒಂದು ಸಲ ಏಳನೆಯ ದಿನಕ್ಕೆ. ಆ ಏಳನೆಯ ದಿನ ಬಂದದ್ದು ಕಲ್ಲಿನಂತಿತ್ತು, ಮೇಲೆ ರಕ್ತದ ಗೆರೆ ಇತ್ತು. ಮಗಳು ನನ್ನ ಅಂಗಿಯ ಕಾಲರು ಹಿಡಿದು, "ಬ್ಯಾಡ ಪಪ್ಪಾ, ಬ್ಯಾಡ," ಎಂದು ಕೂಗಿದಳು. ನಾನು ಏನನ್ನು ನಿಲ್ಲಿಸಬೇಕಿತ್ತೋ ನನಗೆ ತಿಳಿಯಲಿಲ್ಲ. ಕಾಲರಿನ ಗುಂಡಿ ಕಿತ್ತು ಬಂತು. ಆ ಗುಂಡಿ ಇವತ್ತಿಗೂ ನನ್ನ ಹತ್ತಿರ ಇದೆ.

ಮಕ್ಕಳ ಡಾಕ್ಟರು ನಿಧಾನದ ಮನುಷ್ಯ. ಪರೀಕ್ಷೆ ಮಾಡಿ ಹೇಳಿದರು: ಗಟ್ಟಿ ಮಲದಿಂದ ಅಲ್ಲಿ ಸೀಳಿದೆ, ಸೀಳಿದ್ದರಿಂದ ನೋವು, ನೋವಿನಿಂದ ಹೆದರಿಕೆ, ಹೆದರಿ ತಡೆದಷ್ಟೂ ಮಲ ಇನ್ನೂ ಗಟ್ಟಿ. ಮೆತ್ತಗಾಗಲು ಒಂದು ಔಷಧಿ ಬರೆದುಕೊಟ್ಟು, ಅವಳು ಏನು ತಿನ್ನುತ್ತಾಳೆ ಎಂದು ಕೇಳಿದರು. ಹೆಂಡತಿ ಹೇಳಿದಳು: ನುಚ್ಚು, ಸೊಪ್ಪು, ಬೇಳೆ, ಪಪ್ಪಾಯಿ. ಡಾಕ್ಟರು ಪೆನ್ನು ಕೆಳಗಿಟ್ಟರು. ಹಾಲು ಹೆಚ್ಚು ಕುಡಿದು, ಬಿಸ್ಕೀಟು, ಬ್ರೆಡ್ಡು ತಿಂದು, ನೀರು ಕಡಿಮೆ ಕುಡಿಯುವ ಕೂಸುಗಳು ಹೀಗೆ ಬರುತ್ತವೆ. ನೀವು ಹೇಳುವ ಊಟ ತಿನ್ನುವ ಕೂಸು ಹೀಗಾಗುವುದು ಕಡಿಮೆ ಎಂದರು. ಒಂದು ವಾರ ಅವಳು ತಿಂದದ್ದನ್ನೆಲ್ಲ ಬರೆದು ತನ್ನಿ ಎಂದರು.

ಬರೆಯುವುದು ನನ್ನ ಕೆಲಸ. ಹೊತ್ತು, ಪದಾರ್ಥ, ಎಷ್ಟು ಚಮಚ ಎಂದು ಗೆರೆ ಹಾಕಿ ಬರೆದೆ. ಡಾಕ್ಟರು ಅದನ್ನು ಎರಡು ಸಲ ಓದಿ ಹೇಳಿದರು, "ಇದು ನೀವು ಕಟ್ಟಿ ಕಳಿಸಿದ್ದು. ಅವಳು ತಿಂದದ್ದನ್ನು ನೋಡಿದವರು ಯಾರು?"

ಕಾಕೂ, ಎಂದೆ. ಮರುದಿನ ಕಾಕೂನನ್ನೇ ಕೇಳಿದೆ. ಅವಳು ಗಲ್ಲಕ್ಕೆ ಕೈ ಹಚ್ಚಿಕೊಂಡಳು. "ಬಟ್ಟಲಾ ನೆಕ್ಕಿ ತಿಂತಾಳ ತಮ್ಮಾ. ಆದ್ರ ಆ ಜ್ವಾಳ ಭಾಳ ಉಷ್ಣ ಬೀಳ್ತದ ನೋಡು ಕೂಸಿಗೆ. ನಿನ್ನ ಹೇಣ್ತಿಗೆ ಹೇಳೂಣು ಅಂದ್ರ ಸಿಟ್ಟಿಗೇಳ್ತಾಳೇನೋ ಅಂತ ಬಿಟ್ಟೀನಿ."

ಆಗ ನನ್ನ ತಾಯಿ ಊರಿಂದ ಬಂದಿದ್ದಳು. ಅವಳೂ ಕಾಕೂನ ಮಾತಿಗೆ ತಲೆ ತೂಗಿದಳು. ಆ ಸಂಜೆ ನಾನು ಹೆಂಡತಿಗೆ ಹೇಳಿದ ಮಾತನ್ನು ಇದ್ದದ್ದು ಇದ್ದಂತೆ ಇಲ್ಲಿ ಬರೆಯುತ್ತೇನೆ. "ನಿನ್ನ ನುಚ್ಚು ನೀನ ತಿನ್ನು. ಕೂಸಿನ ರಕ್ತಾ ನೋಡಿನೂ ಬುದ್ಧಿ ಬರವಲ್ದೇನು?" ನನ್ನ ತಾಯಿಯ ಎದುರಿಗೆ ಹೇಳಿದೆ. ಹೆಂಡತಿ ಮರುದಿನ ಐದೂವರೆಗೆ ಎದ್ದು ಮತ್ತೆ ನುಚ್ಚನ್ನೇ ಬೇಯಿಸಿದಳು. ಡಾಕ್ಟರು ಬಿಡಬೇಡಿ ಎಂದಿದ್ದರು, ಅವಳು ಬಿಡಲಿಲ್ಲ. ನನ್ನ ಜೊತೆ ಮಾತು ಬಿಟ್ಟಳು.

ಹೀಗೆ ಮತ್ತೆ ಎರಡು ತಿಂಗಳು. ಔಷಧಿ ಕೊಟ್ಟ ದಿನ ಸ್ವಲ್ಪ ಸರಿ, ಬಿಟ್ಟ ದಿನ ಪರದೆಯ ಹಿಂದೆ.

ನಮ್ಮ ಸೊಸೈಟಿಯ ಕಸ ಒಯ್ಯಲು ದಿನಾ ಒಬ್ಬ ಹೆಂಗಸು ಬರುತ್ತಿದ್ದಳು. ಒಣ ಕಸ ಒಂದು ಬಕೆಟ್ಟಿನಲ್ಲಿ, ಹಸಿ ಕಸ ಇನ್ನೊಂದರಲ್ಲಿ ಸುರುವಿಕೊಂಡು ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದಳು. ಯಾದಗಿರಿ ಕಡೆಯವಳು. ಗೇಟಿನ ಹತ್ತಿರ ಗಂಡನ ಜೊತೆ ಕನ್ನಡ ಮಾತಾಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಆದರೂ ಅವಳೊಡನೆ ಮರಾಠಿಯಲ್ಲೇ ಮಾತಾಡುತ್ತಿದ್ದೆ. ನಮ್ಮ ಮಾತಿನವರು ಎಂದು ನಾನು ಎಣಿಸಿದವರಲ್ಲಿ ಅವಳು ಇರಲಿಲ್ಲ. ಇದನ್ನೂ ಬರೆಯಬೇಕು.

ಒಂದು ಸೋಮವಾರ ನಾನು ಸ್ಕೂಟರು ಒರೆಸುತ್ತಿದ್ದಾಗ ಅವಳು ಗಾಡಿ ನಿಲ್ಲಿಸಿ, ಮೊದಲ ಸಲ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು.

"ಅಣ್ಣಾರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಕೂಸಿಗಿ ನುಚ್ಚು ಸೇರಂಗಿಲ್ಲೇನ್ರಿ?"

"ಯಾಕ?"

"ದಿನಾ ನನ್ನ ಬಕೀಟಿಗಿ ಬರ್ತದ್ರಿ. ಮೆಂತೆಪಲ್ಯ ಕಲಸಿದ್ದು, ತುಪ್ಪ ಹಾಕಿದ್ದು. ಒಂದು ತುತ್ತೂ ತಿಂದಿರಂಗಿಲ್ಲ."

ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅವಳು ಗದ್ದದಿಂದ ನೆಲಮಹಡಿಯ ಬಾಗಿಲು ತೋರಿಸಿದಳು. ಅದು ನಮ್ಮ ಮನೆಯದೇ ಎಂದು ಹೇಗೆ ಗೊತ್ತು ಎಂದು ಕೇಳಿದೆ. ಅವಳು ನಕ್ಕುಬಿಟ್ಟಳು.

"ಈ ನಾಕೂ ಬಿಲ್ಡಿಂಗ್ ಕಸಾ ನಾನ ಒಯ್ತೀನ್ರೀ. ನುಚ್ಚು ಮಾಡೋ ಮನಿ ಮತ್ತೊಂದಿಲ್ಲ. ವಾಸನಿ ಬಡದ ಕೂಡ್ಲೆ ನಮ್ಮವ್ವನ ಒಲಿ ಮುಂದ ಕುಂತಂಗ ಆಗ್ತದ. ಬಕೀಟಿನ್ಯಾಗ ನೋಡಿದ್ರ ಹೊಟ್ಟಿ ಉರೀತದ್ರಿ."

ಮರುದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ನಾನು ಆ ಸಂದಿಯಲ್ಲಿ ನಿಂತೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಚಾಪೆಯ ಮೇಲೆ ಐದು ಕೂಸುಗಳು ಸಾಲಾಗಿ ಕುಳಿತಿದ್ದವು. ನನ್ನ ಮಗಳು ಬಲಗಡೆಯಿಂದ ಎರಡನೆಯವಳು. ಕಾಕೂ ಅಡಿಗೆಕೋಣೆಯಲ್ಲಿ ಕಿಟಕಿಗೆ ಮಗ್ಗುಲಾಗಿ ನಿಂತಿದ್ದಳು. ಕಟ್ಟೆಯ ಮೇಲೆ ಐದು ಡಬ್ಬಿ ತೆರೆದಿದ್ದವು. ಒಂದೊಂದನ್ನೇ ಎತ್ತಿ, ಚಮಚದಿಂದ ಕೆರೆದು, ಹಸಿ ಕಸದ ಬಕೆಟ್ಟಿಗೆ ಹಾಕಿದಳು. ನಮ್ಮ ಡಬ್ಬಿ ಮೂರನೆಯದು. ನುಚ್ಚು ಡಬ್ಬಿಯ ಆಕಾರದಲ್ಲೇ ಒಂದು ಗಡ್ಡೆಯಾಗಿ ಜಾರಿ ಬಿತ್ತು. ಹಣ್ಣೂ ಬಿತ್ತು. ಐದೂ ಡಬ್ಬಿಗಳನ್ನು ತಿಕ್ಕಿ ತೊಳೆದು ಬೋರಲು ಹಾಕಿದಳು. ಆಮೇಲೆ ಬೋಗುಣಿಯ ಹಾಲಿಗೆ ಬಿಸ್ಕೀಟಿನ ಪುಡೆ ಒಡೆದು ಸುರಿದು ಕಲಸಿದಳು. ಚಾಪೆಯ ಮುಂದೆ ಕುಳಿತು, ಹಾಡು ಹೇಳುತ್ತ, ಐದೂ ಬಾಯಿಗೆ ಒಂದೇ ಚಮಚದಿಂದ ತಿನ್ನಿಸಿದಳು. ಯಾರನ್ನೂ ಹೊಡೆಯಲಿಲ್ಲ. ಗದರಿಸಲೂ ಇಲ್ಲ. ಇದನ್ನೂ ಹೇಳಬೇಕು. ನೀರು ಮಾತ್ರ ಯಾರಿಗೂ ಕೊಡಲಿಲ್ಲ.

ನನ್ನ ಮಗಳು ಅರ್ಧಕ್ಕೇ ಎದ್ದು ಕಪಾಟಿನ ಮೂಲೆಗೆ ಹೋದಳು. ತುದಿಗಾಲಲ್ಲಿ ನಿಂತಳು, ಕಾಲು ಹೆಣೆದಳು, ಕಪಾಟಿಗೆ ಹಣೆ ಒತ್ತಿದಳು. ಕಾಕೂ ಎದ್ದು ಅವಳ ಬೆನ್ನ ಮೇಲೆ ಕೈಯಾಡಿಸಿದಳು. "ತಡಕೋ, ತಡಕೋ... ಇಲ್ಲಿ ಬ್ಯಾಡವಾ, ಛೀ ಛೀ... ಮನೀಗೆ ಹೋಗಿ ಮಾಡಾಕಿ ನೀ... ಹಾಂ, ಹ್ವಾತು ನೋಡು. ನಮ್ಮ ಶಾಣೆ ಕೂಸು!" ಎಂದು ಚಪ್ಪಾಳೆ ತಟ್ಟಿದಳು. ಚಾಪೆಯ ಮೇಲಿನ ನಾಲ್ಕು ಕೂಸುಗಳೂ ಚಪ್ಪಾಳೆ ತಟ್ಟಿದವು. ಮಗಳು ಕಪಾಟು ಬಿಟ್ಟು ತಿರುಗಿದಳು. ಅವಳ ಹಣೆಯ ಮೇಲೆ ಬೆವರು ಇತ್ತು, ಮುಖದ ಮೇಲೆ ನಗು ಇತ್ತು.

ಆ ನಗುವನ್ನು ಮರೆಯಲು ನನಗೆ ಆಗಿಲ್ಲ...

ನಾನು ಕಿಟಕಿಯ ಸರಳು ಹಿಡಿದು ಕೂಗಿದ್ದು ನೆನಪಿದೆ. ಏನು ಕೂಗಿದೆನೋ ನೆನಪಿಲ್ಲ. ಒಳಗೆ ಹೋಗಿ ಮಗಳನ್ನು ಎತ್ತಿಕೊಂಡೆ. ಕಾಕೂ ಹೆದರಲಿಲ್ಲ. ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ಗಿರಾಕಿಗೆ ಸಮಜಾಯಿಸಿ ಹೇಳುವಂತೆ ಹೇಳಿದಳು: "ಏನ್ ಮಾಡ್ಲಿ ತಮ್ಮಾ? ಐದು ಕೂಸು, ಎರಡು ಕೈ. ನುಚ್ಚು-ಪಲ್ಯಾ ತಿನಿಸಿದ್ರ ದಿನಕ್ಕ ಎರಡೆರಡು ಸಲ ಕೂಡ್ತಾವ. ಹತ್ತು ಸಲ ತೊಳಿಯೋರು ಯಾರು? ಹಾಲು-ಬಿಸ್ಕೀಟು ಹೊಟ್ಟಿ ಹಿಡಿತದ. ಒಂದು ಕೂಸಾದ್ರೂ ನನ್ನ ಕಡೆ ಎಂದರ ಅತ್ತೈತೇನು, ಕೇಳು ಯಾರನ್ನರ."

ಅವಳಿಗೆ ಗೊತ್ತಿತ್ತು. ಡಾಕ್ಟರು ನನಗೆ ಹೇಳಿದ್ದು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು, ಮತ್ತು ಅದನ್ನು ಅವಳು ತಿರುವಿ ಉಪಯೋಗಿಸಿದ್ದಳು. ಗೊತ್ತಿದ್ದೂ ಜೋಳ ಉಷ್ಣ ಎಂದಿದ್ದಳು. ಗೊತ್ತಿದ್ದೂ ನನ್ನ ಹೆಂಡತಿಯ ಮೇಲೆ ಹಾಕಿದ್ದಳು. ನಾನು ಅವಳ ಮಾತನ್ನು ಹೊತ್ತುಕೊಂಡು ಮನೆಗೆ ಹೋಗಿದ್ದೆ.

ಆ ಸಂಜೆ ಉಳಿದ ನಾಲ್ಕೂ ಕೂಸುಗಳ ಮನೆಬಾಗಿಲು ಬಡಿದೆ. ಕಂಡದ್ದನ್ನು ಕಂಡಷ್ಟೇ ಹೇಳಿದೆ, ಒಂದು ಶಬ್ದ ಹೆಚ್ಚಿಸಲಿಲ್ಲ. ಎರಡು ಮನೆಗಳಲ್ಲಿ ಕೂಸುಗಳಿಗೆ ಇದೇ ತೊಂದರೆ ಇತ್ತು. ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ. ವಾರದೊಳಗೆ ಚಾಪೆ ಖಾಲಿಯಾಯಿತು. ತಿಂಗಳೊಳಗೆ ಕಾಕೂ ಮನೆ ಬಿಟ್ಟು ನಿಗಡಿಯಲ್ಲಿದ್ದ ಮಗನ ಮನೆಗೆ ಹೋದಳು. ಟೆಂಪೊ ತುಂಬುವಾಗ ನಾನು ಮೇಲಿನ ಗ್ಯಾಲರಿಯಲ್ಲಿ ನಿಂತು ಕೊನೆಯ ಗಂಟಿನವರೆಗೂ ನೋಡಿದೆ. ಅವಳು ಒಮ್ಮೆ ಮೇಲೆ ನೋಡಿದಳು. ನಾನು ಒಳಗೆ ಸರಿಯಲಿಲ್ಲ.

ಸಾಕಾಗಲಿಲ್ಲ. ನನಗೆ ಬೇಕಾಗಿದ್ದು ಅದಲ್ಲ. ಅವಳ ಹೊಟ್ಟೆ ಹಾಗೆಯೇ ಒಮ್ಮೆ ಕಟ್ಟಬೇಕು, ಅವಳು ಹಾಗೆಯೇ ಒಂದು ಗೋಡೆಗೆ ಹಣೆ ಒತ್ತಬೇಕು, ಬೇಡ ಬೇಡ ಎನ್ನಬೇಕು, ಕೇಳುವವರು ತಿಳಿಯದೆ ನಿಂತಿರಬೇಕು. ಇದು ನಾನು ದಿನಾ ಬಯಸಿದ್ದು.

ಮಗಳು ಸರಿಹೋಗಲು ಎಂಟು ತಿಂಗಳು ಹಿಡಿಯಿತು. ಊಟ ಬದಲಿಸಿದರೆ ಹೊಟ್ಟೆ ಬೇಗ ಕೇಳುತ್ತದೆ, ಹೆದರಿಕೆ ಬೇಗ ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನಿಜವಾಯಿತು. ಎದುರಿನ ಮರಾಠಿ ಹೆಂಗಸಿನ ಮನೆಗೆ ದಿನಕ್ಕೆ ನಾಲ್ಕು ಚಡ್ಡಿ ಕಳಿಸಿದೆವು. ಹಾಲನ್ನು ದಿನಕ್ಕೆ ಎರಡು ಸಣ್ಣ ಲೋಟಕ್ಕೆ ಇಳಿಸಿದೆವು. ಬೆಳಗ್ಗೆ ನೆನೆಸಿದ ಒಣದ್ರಾಕ್ಷಿ, ಗಂಟೆಗೊಮ್ಮೆ ನಾಲ್ಕು ಗುಟುಕು ನೀರು, ಮಧ್ಯಾಹ್ನ ನುಚ್ಚು ಇಲ್ಲವೆ ರೊಟ್ಟಿ ನೆನೆಸಿದ ಬೇಳೆ, ಪ್ರತಿ ಊಟಕ್ಕೂ ಒಂದು ಪಲ್ಯ. ಔಷಧಿಯನ್ನು ಡಾಕ್ಟರು ಹೇಳಿದಂತೆ ನಿಧಾನವಾಗಿ ಕಡಿಮೆ ಮಾಡಿದೆವು. ನಾಷ್ಟಾ ಆದ ಮೇಲೆ ಕಾಲ ಕೆಳಗೆ ಒಂದು ಮಣೆ ಇಟ್ಟು ಹತ್ತು ನಿಮಿಷ ಕೂಡಿಸುವುದು. ಬಂದರೂ ಸೈ, ಬರದಿದ್ದರೂ ಸೈ, ಗದರುವಂತಿಲ್ಲ. ತಡೆದರೆ ಹೊಗಳುತ್ತಾರೆ ಎಂದು ಕಲಿತ ಕೂಸಿಗೆ, ಬಿಟ್ಟರೆ ಹೊಗಳುತ್ತಾರೆ ಎಂದು ಮೊದಲಿಂದ ಕಲಿಸಬೇಕಾಯಿತು. ಒಂದು ಭಾನುವಾರ ಬಚ್ಚಲಿನಿಂದ "ಮಮ್ಮೀ, ಬಂತು! ನೋವಾಗ್ಲಿಲ್ಲ!" ಎಂದು ಕೂಗಿದಳು. ಹೆಂಡತಿ ಓಡಿ ಹೋಗಿ ಅಲ್ಲೇ ಒದ್ದೆ ನೆಲದ ಮೇಲೆ ಕುಳಿತು ಅತ್ತಳು. ನಾನು ಹತ್ತಿರ ಹೋದೆ. ಅವಳು ನನ್ನ ಕೈ ಸರಿಸಿದಳು. ಆ ಕೈ ಮತ್ತೆ ನನ್ನ ಹತ್ತಿರ ಬರಲು ಇನ್ನೂ ಬಹಳ ದಿನ ಬೇಕಾಯಿತು. ನುಚ್ಚಿನ ಮಾತನ್ನು ಅವಳು ಎಂದೂ ಎತ್ತಲಿಲ್ಲ, ಎತ್ತಿದ್ದರೆ ಒಳ್ಳೆಯದಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಕಾಕೂನ ಮಗ ಹೇಗೋ ನನ್ನ ನಂಬರು ಹುಡುಕಿ ಫೋನು ಮಾಡಿದ. ಅವನಿಗೆ ಹಿಂದಿನ ಕಥೆ ಗೊತ್ತಿತ್ತೋ ಇಲ್ಲವೋ, ಮಾತಿನಲ್ಲಿ ತೋರಲಿಲ್ಲ. ತಾಯಿಗೆ ವಯಸ್ಸಾಗಿ ಬುದ್ಧಿ ಮಸುಕಾಗಿದೆ, ಮರಾಠಿ ಪೂರ್ತಿ ಮರೆತಿದ್ದಾಳೆ, ಬರೀ ಕನ್ನಡ ಮಾತಾಡುತ್ತಾಳೆ ಎಂದ. ಅವನ ಹೆಂಡತಿ ಮರಾಠಿಯವಳು. ಅವನೂ ಪುಣೆಯಲ್ಲೇ ಬೆಳೆದವನು, ಅವನ ಕನ್ನಡ ಮುರುಕು, ಅದರ ಮೇಲೆ ವಾರಕ್ಕೆ ಐದು ದಿನ ಕಂಪನಿಯ ಕೆಲಸಕ್ಕೆ ಲೋಣಾವಳಾದ ಆಚೆ ಇರುತ್ತಿದ್ದ. "ನಾಲ್ಕು ದಿನದಿಂದ ಒಂದೇ ಸಮನೆ ಏನೋ ಹೇಳ್ತಾಳೆ. ಯಾರಿಗೂ ತಿಳಿಯುತ್ತಿಲ್ಲ. ಒಮ್ಮೆ ಬಂದು ಕೇಳಿ," ಎಂದು ಮರಾಠಿಯಲ್ಲಿ ಹೇಳಿದ.

ಹೆಂಡತಿ ಹೋಗೋಣ ಎಂದಳು. ಯಾಕೆಂದು ನಾನು ಕೇಳಲಿಲ್ಲ. ಆ ಭಾನುವಾರ ಮಗಳಿಗೆ ಆಕುರ್ಡಿಯಲ್ಲಿ ಚಿತ್ರಕಲೆಯ ಪರೀಕ್ಷೆ ಇತ್ತು, ನಿಗಡಿಯ ಮಗ್ಗುಲಲ್ಲೇ. ಪರೀಕ್ಷೆ ಮುಗಿಸಿ ಅವಳೂ ನಮ್ಮ ಜೊತೆ ಬಂದಳು. ಅವಳಿಗೆ ಹದಿನಾಲ್ಕು ತುಂಬಿತ್ತು. ಅವಳಿಗೆ ಕಾಕೂ ನೆನಪಿಲ್ಲ, ನಾವು ಎಂದೂ ಹೇಳಿಲ್ಲ. ಹಳೆಯ ನೆರೆಯವರು ಎಂದಷ್ಟೇ ಹೇಳಿದೆ.

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ನಾನು ಮಂಚದ ಕಾಲಬದಿಯಲ್ಲಿ ನಿಂತಿದ್ದೆ. ಹೆಂಡತಿ ಬಾಗಿಲ ಹತ್ತಿರ, ಮಗಳು ಅವಳ ಪಕ್ಕ. ಸೊಸೆ ಮಂಚದ ಆಚೆಬದಿ. ಮಗ ಆ ವಾರ ಲೋಣಾವಳಾದಿಂದ ಬಂದಿರಲಿಲ್ಲ. ಕಾಕೂ ಒಂದು ಹಿಡಿಯಷ್ಟಾಗಿದ್ದಳು. ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ ಒಂದು ಬಟ್ಟಲು ಇತ್ತು, ಅದರಿಂದ ಆ ವಾಸನೆ ಬರುತ್ತಿತ್ತು. ಹಲ್ಲಿಲ್ಲ, ಬೇರೇನೂ ಅಗಿಯಲಾಗುವುದಿಲ್ಲ, ಎರಡು ತಿಂಗಳಿಂದ ಇದರ ಮೇಲೆಯೇ ಇದ್ದಾರೆ ಎಂದು ಸೊಸೆ ಮರಾಠಿಯಲ್ಲಿ ಹೇಳಿದಳು. ಆ ಹೆಂಗಸಿನಲ್ಲಿ ಕೆಟ್ಟತನ ಇರಲಿಲ್ಲ. ಅತ್ತೆಯ ತಲೆ ಬಾಚಿದ್ದಳು, ಹಾಸಿಗೆ ಸ್ವಚ್ಛವಾಗಿತ್ತು.

ಕಾಕೂ ನನ್ನನ್ನು ನೋಡಿದಳು. ಗುರುತು ಹತ್ತಿತೋ ಇಲ್ಲವೋ ಪ್ರಮಾಣ ಮಾಡಿ ಹೇಳಲಾರೆ. "ತಮ್ಮಾ," ಎಂದಳು. "ಹೊಟ್ಟಿ ಕಟ್ಟೇದೋ ತಮ್ಮಾ. ಆರು ದಿನಾತು. ಹರಿದಂಗ ಆಗ್ತದ... ನುಚ್ಚು ಮಾಡಿ ಕೊಡ ಅನ್ನು ಈಕಿಗೆ... ಒಂದೀಟು ಪಲ್ಯಾ... ನೀರು ಕೊಡವಲ್ರು... ಇದು ಬ್ಯಾಡ, ಬ್ಯಾಡ..."

ಸೊಸೆ ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದಳು.

ಹನ್ನೆರಡು ವರ್ಷ ನಾನು ಬಯಸಿದ್ದು ಮಂಚದ ಮೇಲೆ ಇತ್ತು. ಅದನ್ನು ತಿಳಿದವನು ನಾನು. ನನ್ನ ಬಾಯಿಂದ ಅದು ಹೊರಬಿದ್ದರೆ ಮಾತ್ರ ಆ ಮನೆಗೆ ತಿಳಿಯುತ್ತಿತ್ತು. ಅವಳು ನನ್ನನ್ನು ನಂಬಿದ್ದು ಒಂದೇ ಕಾರಣಕ್ಕೆ, ನಾನು ಅವಳ ಮಾತಿನವನು ಎಂದು. ನಾನೂ ಅವಳನ್ನು ಅದೇ ಕಾರಣಕ್ಕೆ ನಂಬಿದ್ದೆ.

ನಾನು ಸೊಸೆಗೆ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದೆ: "ತವರೂರು ನೆನಪಾಗುತ್ತಿದೆಯಂತೆ. ಬೇರೇನಿಲ್ಲ."

ಸೊಸೆಯ ಮುಖ ಹಗುರಾಯಿತು. ನಾನು ಹೆಂಡತಿಯನ್ನು ನೋಡಿದೆ. ಅವಳಿಗೆ ಎರಡೂ ಮಾತು ಅರ್ಥವಾಗಿದ್ದವು. ಅವಳು ನೆಲ ನೋಡಿದಳು. ತುಟಿ ಬಿಚ್ಚಲಿಲ್ಲ. ನನಗೆ ಸಂತೋಷವಾಯಿತು. ಸುಳ್ಳು ಬರೆಯುವುದಿಲ್ಲ, ಮೈತುಂಬ ಸಂತೋಷವಾಯಿತು.

"ಇಲ್ಲ ಪಪ್ಪಾ," ಎಂದಳು ಮಗಳು. "ಅಜ್ಜಿ ಹಂಗಲ್ಲ ಅನ್ನಾಕತ್ತಿದ್ದು."

ಅವಳು ಮುಂದೆ ಬಂದು ಸೊಸೆಗೆ ಮರಾಠಿಯಲ್ಲಿ ಹೇಳತೊಡಗಿದಳು. ಅಜ್ಜಿಗೆ ಆರು ದಿನದಿಂದ ಹೊಟ್ಟೆ ಕಟ್ಟಿದೆ. ಬಹಳ ನೋವಾಗುತ್ತಿದೆ. ಹಾಲು-ಬಿಸ್ಕೀಟು ಬೇಡ ಎನ್ನುತ್ತಿದ್ದಾರೆ. ಪಪ್ಪಾಯಿ ಕೊಡಿ, ನೀರು ಕೊಡಿ, ಡಾಕ್ಟರಿಗೆ ಇವತ್ತೇ ತೋರಿಸಿ. ನುಚ್ಚು ಎಂದರೆ ಜೋಳದ ಕಣಿ, ಹಲ್ಲು ಬೇಕಾಗಿಲ್ಲ, ಹೀಗೆ ಇರುತ್ತದೆ ಎಂದು ಬೆರಳು ಕೂಡಿಸಿ ತೋರಿಸಿದಳು. "ನಮ್ಮ ಮಮ್ಮಿ ಚೆಂದ ಮಾಡ್ತಾಳೆ. ಸಣ್ಣವಳಿದ್ದಾಗ ನಾನು ದಿನಾ ಅದನ್ನೇ ತಿಂತಿದ್ದೆನಂತೆ," ಎಂದಳು. ಆಮೇಲೆ ಮಂಚದ ಅಂಚಿಗೆ ಕುಳಿತು ಮುದುಕಿಯ ತಲೆ ಎತ್ತಿ ಹಿಡಿದು, ತನ್ನ ಶಾಲೆಯ ಬಾಟಲಿಯಿಂದ ಗುಟುಕು ಗುಟುಕಾಗಿ ನೀರು ಕುಡಿಸಿದಳು.

ಕಾಕೂ ಅವಳ ಗಲ್ಲ ಸವರಿದಳು. "ಶಾಣೆ ಕೂಸು," ಎಂದಳು.

ಮಗಳು ನಕ್ಕಳು. ನಾನು ಹೊರಗೆ ಬಂದು ಜಿನೆಯ ಕಟಾಂಜನ ಹಿಡಿದು ನಿಂತೆ. ಒಳಗೆ ಹೆಂಡತಿ ಸೊಸೆಗೆ ಒಂದು ವಾಟಿ ಕಣಿಗೆ ನಾಲ್ಕು ವಾಟಿ ನೀರು ಎಂದು ಹೇಳುತ್ತಿರುವುದು ಕೇಳಿಸುತ್ತಿತ್ತು. ಬಸ್ಸಿನಲ್ಲಿ ಮಗಳು ಕಿಟಕಿಯ ಹತ್ತಿರ ಕುಳಿತು ನಿದ್ದೆ ಹೋದಳು. ಆಗ ಹೆಂಡತಿ ಹೇಳಿದ್ದು ಒಂದೇ ಮಾತು: "ನಾನೂ ಸುಮ್ನ ನಿಂತೆ. ನಿಮ್ಮೊಬ್ಬರದ ಅಲ್ಲ."

ಸಂಕ್ರಾಂತಿ ಕಳೆದ ಮೇಲೆ ಕಾಕೂ ಹೋದರು. ಕೊನೆಯ ಎರಡು ತಿಂಗಳು ನುಚ್ಚು ತಿಂದರು, ಹೊಟ್ಟೆಯ ನೋವು ಇರಲಿಲ್ಲ ಎಂದು ಮಗ ಫೋನು ಮಾಡಿ ಹೇಳಿದ. ನಾನು ಹೋಗಲಿಲ್ಲ. ಕ್ಷಮಿಸಿದೆನೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನನ್ನನ್ನು ಮತ್ತೆ ನಿಲ್ಲಿಸಿದರೆ ನಾನು ಬೇರೆ ಮಾತು ಹೇಳುತ್ತಿದ್ದೆನೇ ಎಂಬುದೂ ಗೊತ್ತಿಲ್ಲ. ಆದರೆ ಕೇಳಬೇಕಾಗಿದ್ದ 'ತಪ್ಪಾಯಿತು' ಎಂಬ ಒಂದು ಮಾತನ್ನು ಇನ್ನು ಕಾಕೂನಿಂದ ಕೇಳಲಾಗುವುದಿಲ್ಲ. ಹೇಳಬೇಕಾಗಿದ್ದ ಅದೇ ಮಾತನ್ನು ಹೆಂಡತಿಗೆ ನಾನು ಇನ್ನೂ ಹೇಳಿಲ್ಲ. ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಬಂದದ್ದು ಅದಕ್ಕೇ.

ನಾನು ಹೇಳಿದ್ದಕ್ಕೆ ಸಾಕ್ಷಿಗಳು ಬದುಕಿದ್ದಾರೆ. ಕಸದ ಗಾಡಿಯ ಆ ಹೆಂಗಸು ಇದ್ದಾಳೆ. ಕೂದಲು ಬೆಳ್ಳಗಾಗಿದೆ, ಬಕೆಟ್ಟಿನಲ್ಲಿ ಕಂಡದ್ದನ್ನು ಮರೆತಿಲ್ಲ. ನಿಗಡಿಯ ಸೊಸೆ ಇದ್ದಾಳೆ. ನಾನು ಮೊದಲು ಏನು ಹೇಳಿದೆ ಎಂಬುದು ಅವಳಿಗೆ ಗೊತ್ತು. ಎರಡೂ ಮಾತು ತಿಳಿದ ನನ್ನ ಹೆಂಡತಿ ಇದ್ದಾಳೆ. ಮತ್ತೆ ಮಗಳು. ಆ ಚಾಪೆಯ ಮೇಲೂ ಈ ಮಂಚದ ಹತ್ತಿರವೂ, ಎರಡೂ ಕಡೆ ನನ್ನ ಜೊತೆ ಇದ್ದವಳು ಅವಳೊಬ್ಬಳೇ. ಅವಳಿಗೆ ನೆನಪಿರುವುದು ಎರಡನೆಯದು ಮಾತ್ರ.